ಟಿಕೆಟ್ ಇಲ್ಲದ ಸಾಮಿ

ಸ್ವಾಮಿ ರಾಮದಾಸರ ‘ಇನ್ ಕ್ವೆಸ್ಟ್ ಆಫ್ ಗಾಡ್’ ಪುಸ್ತಕವನ್ನು ಪ್ರವಾಸದ ಕಪಾಟಿನಲ್ಲಿ ಇಡಬೇಕೋ ಅಧ್ಯಾತ್ಮದ ಕಪಾಟಿನಲ್ಲಿ ಇಡಬೇಕೋ ಎಂಬ ತಕರಾರು ನಮ್ಮ ಮನೆಯಲ್ಲಿ ಹುಟ್ಟಲೇ ಇಲ್ಲ, ಯಾಕೆಂದರೆ ಕಪಾಟೇ ಇರಲಿಲ್ಲ. ಅದು ಇದ್ದದ್ದು ಟೀವಿಯ ಮೇಲೆ, ಕರೆಂಟ್ ಬಿಲ್ಲುಗಳ ಜೊತೆ. ಬಿಲ್ಲು ಹುಡುಕುವವರೆಲ್ಲ ಅದನ್ನೊಮ್ಮೆ ಎತ್ತಿ ಇಡಬೇಕಾಗಿದ್ದುದರಿಂದ ಮನೆಯಲ್ಲಿ ಎಲ್ಲರಿಗೂ ಆ ಪುಸ್ತಕದ ಪರಿಚಯ ಇತ್ತು.

ನನ್ನ ಕೈಗೆ ಅದು ಬಂದದ್ದು ಕಾಸರಗೋಡಿನ ಗೆಳೆಯನೊಬ್ಬನಿಂದ. ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಇಬ್ಬರದೂ ಒಂದೇ ಶಿಫ್ಟು. ಅವನು ಕೇರಳದಲ್ಲಿ ಕನ್ನಡ ಮೀಡಿಯಂ ಓದಿದವನು, ನಾನು ತಮಿಳುನಾಡಿನಲ್ಲಿ ಕನ್ನಡ ಮೀಡಿಯಂ ಓದಿದವನು. ಕ್ಯಾಂಟೀನಿನ ತಮಿಳು, ತೆಲುಗು, ಹಿಂದಿಯ ನಡುವೆ ಅವನ ಕನ್ನಡ ಕಿವಿಗೆ ಬಿದ್ದ ದಿನವೇ ಸ್ನೇಹವಾಯಿತು. ಅವನ ಕನ್ನಡ ನನಗೆ ಪಾಠ ಓದಿದ ಹಾಗೆ ಕೇಳುತ್ತಿತ್ತು, ನನ್ನದು ಅವನಿಗೆ ಅರ್ಧ ತೆಲುಗಿನ ಹಾಗೆ. ಒಂದು ಸಲ ರಜೆಗೆ ಊರಿಗೆ ಹೋದವನು ಕಾಞಂಗಾಡಿನ ಆನಂದಾಶ್ರಮದಿಂದ ಈ ಪುಸ್ತಕ ತಂದುಕೊಟ್ಟ. ತೆಳ್ಳಗಿನದು, ಅಗ್ಗದ್ದು, ನನ್ನಂಥವನಿಗೂ ಅರ್ಥವಾಗುವ ಇಂಗ್ಲಿಷು. “ನಿಮ್ಮ ಕಡೆಯ ಊರುಗಳೆಲ್ಲ ಬರ್ತವೆ ಇದ್ರಲ್ಲಿ, ಓದಿ ನೋಡು ಮಾರಾಯ” ಅಂದ. ನಮ್ಮ ಕಡೆಯ ಊರು ಒಂದೂ ಬರುವುದಿಲ್ಲ. ಈರೋಡು, ಶ್ರೀರಂಗ, ರಾಮೇಶ್ವರ, ಮಧುರೆ, ಚಿದಂಬರ, ತಿರುವಣ್ಣಾಮಲೆ ಬರುತ್ತವೆ. ಕಾಸರಗೋಡಿನಲ್ಲಿ ನಿಂತು ನೋಡಿದರೆ ಇಡೀ ತಮಿಳುನಾಡೇ ‘ನಿಮ್ಮ ಕಡೆ’ ತಾನೇ.

ರಾಮದಾಸರ ಪೂರ್ವಾಶ್ರಮದ ಹೆಸರು ವಿಠಲ ರಾವ್. ಹುಟ್ಟಿದ್ದು 1884ರಲ್ಲಿ, ಇವತ್ತಿನ ಕಾಸರಗೋಡು ಜಿಲ್ಲೆಯ ಹೊಸದುರ್ಗದಲ್ಲಿ, ಕೊಂಕಣಿ ಮನೆಮಾತಿನ ಸಾರಸ್ವತ ಕುಟುಂಬದಲ್ಲಿ. ಬೊಂಬಾಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಬಟ್ಟೆ ತಯಾರಿಕೆ ಕಲಿತು, ಗಿರಣಿಗಳಲ್ಲಿ ನೂಲುವ ವಿಭಾಗದಲ್ಲಿ ದುಡಿದವರು. ಆಮೇಲೆ ಮಂಗಳೂರಿನಲ್ಲಿ ಸೀರೆಗಳಿಗೆ ಬಣ್ಣ ಹಾಕಿ ಅಚ್ಚು ಒತ್ತುವ ಸ್ವಂತ ಕಸುಬು ಹಿಡಿದರು. ಅದು ಕೈಹತ್ತಲಿಲ್ಲ. ಸಂತರ ಚರಿತ್ರೆಗಳಲ್ಲಿ ಈ ಭಾಗವನ್ನು ಓದುಗರು ಬೇಗ ಬೇಗ ದಾಟಿಬಿಡುತ್ತಾರೆ. ನಾನು ಅಲ್ಲೇ ನಿಂತೆ. ಮೆಷಿನ್ನಿನ ಶಬ್ದದಲ್ಲಿ ಶಿಫ್ಟು ಕಳೆದವನು, ಉತ್ಪಾದನೆಯ ಟಾರ್ಗೆಟ್ಟು ನೋಡಿದವನು, ಸಂಬಳದ ದಿನ ಗೊತ್ತಿದ್ದವನು ಸನ್ಯಾಸಿಯಾದ ಅನ್ನುವುದು ನನಗೆ ಯಾವ ಪವಾಡಕ್ಕಿಂತಲೂ ಹತ್ತಿರದ ಸಂಗತಿ ಅನ್ನಿಸಿತು. ಅರಮನೆ ಬಿಟ್ಟು ಹೋದವರ ಕಥೆ ನಮಗೆ ಚಿಕ್ಕಂದಿನಿಂದ ಗೊತ್ತು. ಬಾಡಿಗೆ ಮನೆ ಬಿಟ್ಟು ಹೋದವರ ಕಥೆ ಅಪರೂಪ.

ಕಷ್ಟದ ಆ ದಿನಗಳಲ್ಲಿ ತಂದೆಯೇ ಅವರಿಗೆ ರಾಮಮಂತ್ರ ಕೊಟ್ಟರು. 1922ರ ಡಿಸೆಂಬರಿನ ಕೊನೆಯ ವಾರ, ಒಂದು ಮುಂಜಾನೆ, ಹೆಂಡತಿಗೊಂದು ಗೆಳೆಯನಿಗೊಂದು ಪತ್ರ ಬರೆದಿಟ್ಟು, 25 ರೂಪಾಯಿ, ಭಗವದ್ಗೀತೆ, ಹೊಸ ಒಡಂಬಡಿಕೆ ಹಾಗೂ ಇನ್ನೊಂದೆರಡು ಪುಸ್ತಕ ಇಟ್ಟುಕೊಂಡು ಮಂಗಳೂರಿನಲ್ಲಿ ರೈಲು ಹತ್ತಿದರು. ಆಗ ವಯಸ್ಸು ಮೂವತ್ತೆಂಟು. ಶ್ರೀರಂಗದಲ್ಲಿ ಕಾವೇರಿಯಲ್ಲಿ ಮುಳುಗಿ ಎದ್ದು ತಾವೇ ಕಾವಿ ಉಟ್ಟರು, ತಾವೇ ಹೆಸರಿಟ್ಟುಕೊಂಡರು. ಅಲ್ಲಿಂದ ಮುಂದೆ ಸುಮಾರು ಒಂದು ವರ್ಷ ದಕ್ಷಿಣದ ಕ್ಷೇತ್ರಗಳು, ತಿರುಪತಿ, ಪುರಿ, ದಕ್ಷಿಣೇಶ್ವರ, ಕಾಶಿ, ಬದರಿ ಕೇದಾರ, ಮಥುರಾ, ಬೊಂಬಾಯಿ. ಕೊನೆಗೆ ಹುಬ್ಬಳ್ಳಿಯ ಸಿದ್ಧಾರೂಢ ಮಠದ ಮೂಲಕ ಮಂಗಳೂರಿಗೆ ವಾಪಸ್ಸು. ಕದ್ರಿ ಗುಡ್ಡದ ಪಾಂಡವರ ಗುಹೆಯಲ್ಲಿ ಕೂತು ಅದನ್ನೆಲ್ಲ ಬರೆದರು. ಪುಸ್ತಕವಾದದ್ದು 1925ರಲ್ಲಿ.

ಇಷ್ಟು ದೊಡ್ಡ ಪ್ರಯಾಣದ ಬಹುಭಾಗ ನಡೆದದ್ದು ರೈಲಿನಲ್ಲಿ, ಟಿಕೆಟ್ ಇಲ್ಲದೆ. ದಾರಿ ತೋರಿಸಲು ಒಬ್ಬ ಸಾಧು ಜೊತೆಯಾಗುತ್ತಾನೆ, ಅವನನ್ನು ‘ಸಾಧುರಾಮ’ ಅನ್ನುತ್ತಾರೆ. ಅವನು ಹೋದರೆ ಇನ್ನೊಬ್ಬ. ಟಿಕೆಟ್ ಕೇಳುವವನೂ ರಾಮ, ಇಳಿಸುವವನೂ ರಾಮ, ಮುಂದಿನ ರೈಲಿಗೆ ಹತ್ತಿಸುವವನೂ ರಾಮ. ತಮ್ಮನ್ನೇ ತಾವು ಬೇರೆ ಯಾರದೋ ವಿಷಯ ಹೇಳುವ ಹಾಗೆ ‘ರಾಮದಾಸ’ ಎಂದು ಕರೆದುಕೊಂಡು, ಆ ರಾಮದಾಸನ ಪೇಚಾಟಗಳನ್ನೆಲ್ಲ ತಾವೇ ದೂರ ನಿಂತು ನಗುತ್ತಾ ಹೇಳುತ್ತಾರೆ. ಅಧ್ಯಾತ್ಮದ ಪುಸ್ತಕದಲ್ಲಿ ಇಷ್ಟು ನಗು ಇರಬಹುದು ಅಂತ ನನಗೆ ಗೊತ್ತಿರಲಿಲ್ಲ.

ಓದುವಾಗ ಒಂದು ಪೋಲಿ ಯೋಚನೆ ಬಂತು. ಆ ಕಾಲಕ್ಕೆ ನಮ್ಮ ಕಡೆಯೂ ರೈಲು ಇತ್ತಲ್ಲ! ಮೊರಪ್ಪೂರಿನಿಂದ ಧರ್ಮಪುರಿಯ ಮೇಲೆ ಹೊಸೂರಿಗೆ ಒಂದು ಪುಟ್ಟ ರೈಲು, ತಿರುಪತ್ತೂರಿನಿಂದ ಕೃಷ್ಣಗಿರಿಗೆ ಇನ್ನೊಂದು. ಎರಡೂ ನ್ಯಾರೋ ಗೇಜು, ಎರಡೂ ಸ್ವಾತಂತ್ರ್ಯಕ್ಕೆ ಮೊದಲೇ ನಿಂತುಹೋದವು. ಹೊಸೂರಿಗೆ ಆಮೇಲೆ ಬೆಂಗಳೂರು–ಸೇಲಂ ರೈಲು ಬಂತು. ಕೃಷ್ಣಗಿರಿ ಜಿಲ್ಲಾ ಕೇಂದ್ರವಾಗಿ 2004ರಿಂದ ಇದೆ, ರೈಲು ಮಾತ್ರ ಇಲ್ಲ. ಸಾಧುರಾಮ ದಾರಿ ತಪ್ಪಿ ಇತ್ತ ಕರೆತಂದಿದ್ದರೆ ರಾಮದಾಸರನ್ನು ಇಳಿಸಿದ ಪುಣ್ಯ ನಮ್ಮ ಊರಿನ ಸ್ಟೇಷನ್ನಿಗೂ ಸಿಗುತ್ತಿತ್ತು.

ನಾನು ಈ ಪುಸ್ತಕವನ್ನು ಒಬ್ಬನೇ ಓದಿ ಮುಗಿಸಿದ್ದರೆ ಈ ಬರಹ ಇರುತ್ತಿರಲಿಲ್ಲ. ಅಪ್ಪನಿಗೆ ಆಗ ಕೆಲಸದಿಂದ ನಿವೃತ್ತಿಯಾಗಿತ್ತು. ಮೂರು ಹೊತ್ತೂ ಮನೆ. ತಮಿಳು ಪೇಪರನ್ನು ಜಾಹೀರಾತು ಸಮೇತ ಓದಿ ಮುಗಿಸಿದ ಮೇಲೂ ಹಗಲು ಉಳಿಯುತ್ತಿತ್ತು. “ಅದೇನ್ಲಾ ಆ ಸಾಮಿ ಪುಸ್ತಕ, ಒಬ್ಬನೇ ನಗ್ತಾ ಕುಂತಿದ್ದೀಯ, ನಮಗೂ ಹೇಳು” ಅಂದ. ಸಂಜೆ ಊಟಕ್ಕೆ ಮುಂಚೆ ಕೂತು ಇಂಗ್ಲಿಷಿನ ಪುಟ ನೋಡಿಕೊಂಡು ನಮ್ಮ ಮನೆಯ ಕನ್ನಡದಲ್ಲಿ ಹೇಳುತ್ತಾ ಹೋದೆ. ಅಮ್ಮ ಅವರೆಕಾಳು ಸುಲಿಯುತ್ತಲೋ ಸೊಪ್ಪು ಬಿಡಿಸುತ್ತಲೋ ಕಿವಿ ಕೊಡುತ್ತಿದ್ದಳು.

ಇಲ್ಲಿ ಒಂದು ಮಾತು ಹೇಳಬೇಕು. ನನ್ನ ಅಪ್ಪ ಬಸ್ ಕಂಡಕ್ಟರ್ ಆಗಿದ್ದವನು.

ತಿರುವಣ್ಣಾಮಲೆಗೆ ಹೊಸೂರಿನಿಂದ ಹೋಗುವವರ ದಾರಿ ಶೂಲಗಿರಿ, ಕೃಷ್ಣಗಿರಿ, ಮತ್ತೂರು, ಊತಂಗರೆ, ಸಿಂಗಾರಪೇಟೆ, ಚೆಂಗಂ. ನೂರೈವತ್ತು ಕಿಲೋಮೀಟರಿಗೆ ಕಡಿಮೆಯಿಲ್ಲ. ಅಪ್ಪ ವರ್ಷಗಟ್ಟಲೆ ಮಾಡಿದ್ದು ಅದೇ ರೂಟು. ಹುಣ್ಣಿಮೆ ಬಂದರೆ ಗಿರಿವಲದ ಜನ. ಅರುಣಾಚಲ ಗುಡ್ಡವನ್ನು ಬರಿಗಾಲಿನಲ್ಲಿ ಸುತ್ತು ಹಾಕುವುದು, 14 ಕಿಲೋಮೀಟರು. ಬೆಂಗಳೂರಿನಿಂದಲೇ ತುಂಬಿ ಬರುವ ಬಸ್ಸುಗಳು ಹೊಸೂರಿನಲ್ಲಿ ನಿಲ್ಲುವುದಿಲ್ಲ ಅನ್ನುವಷ್ಟು ನೂಕು. ಆ ದಿನ ಅಪ್ಪ ಬಾಯಲ್ಲಿ ವಿಷಲ್ಲು ಕಚ್ಚಿಕೊಂಡು, ಬೆರಳ ಸಂದಿಯಲ್ಲಿ ಮಡಚಿದ ನೋಟು ಸಿಕ್ಕಿಸಿಕೊಂಡು, ಮೂರು ಭಾಷೆಯಲ್ಲಿ ಟಿಕೆಟ್ ಕೇಳುತ್ತಾ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ಕೃಷ್ಣಗಿರಿ ಬಂದಿರುತ್ತಿತ್ತು. ಹೊಸೂರಿನಲ್ಲಿ ಹತ್ತಿದವರಲ್ಲಿ ಕಾವಿಯವರು ಒಬ್ಬಿಬ್ಬರಾದರೂ ಇದ್ದೇ ಇರುತ್ತಿದ್ದರು. ಅವರನ್ನು ಕೇಳುವುದಕ್ಕೆ ಅವನಿಗೆ ಸಂಕೋಚ. ಕೇಳದಿದ್ದರೆ ಭಯ. ಯಾಕೆಂದರೆ ಚೆಕಿಂಗಿನವರು ಹತ್ತಿ ಟಿಕೆಟ್ ಇಲ್ಲದವನನ್ನು ಹಿಡಿದರೆ ಅವನು ಇಳಿದು ಹೋಗುತ್ತಾನೆ, ಮೆಮೊ ಬರುವುದು ಕಂಡಕ್ಟರಿಗೆ.

ಹೀಗಾಗಿ ನಮ್ಮ ಮನೆಯಲ್ಲಿ ರಾಮದಾಸರ ಕಥೆ ಭಕ್ತರ ಮುಂದೆ ಅಲ್ಲ, ಡಿಪೋ ಕಂಡ ಮನುಷ್ಯನ ಮುಂದೆ ನಡೆಯಿತು. ಮೊದಲ ಸಲ ರೈಲಿನಿಂದ ಇಳಿಸಿದ ಜಾಗ ಬಂದಾಗಲೇ ಅಪ್ಪ ತಡೆದ. “ಬಚ್ಚಿಟ್ಕೊಂಡಿದ್ರಾ, ಎದುರಿಗೇ ಕುಂತಿದ್ರಾ?”

“ಎದುರಿಗೇ ಕುಂತಿದ್ರು. ಕೇಳಿದ ತಕ್ಷಣ ಇಲ್ಲ ಅಂದ್ರು.”

“ಹಂಗಾದ್ರೆ ಸರಿ. ಹಿಂದಿನ ಮೆಟ್ಲತ್ರ ನಿಂತ್ಕೊಂಡು ನಾನು ಅತ್ಲಾಗ್ ಹೋದ್ರೆ ಇತ್ಲಾಗ್ ಬರೋನು ಕಳ್ಳ. ದುಡ್ಡಿಲ್ಲ ಅಂತ ಮಕ ನೋಡ್ಕೊಂಡು ಹೇಳೋನು ಬೇರೆ. ಮುಂದಕ್ಕೆ ಹೇಳು.”

ಅವನ ಕಸುಬಿನ ಈ ತೀರ್ಮಾನ ನನಗೆ ಪುಸ್ತಕದ ಒಳಗೆ ಒಂದು ಬಾಗಿಲು ತೆರೆಯಿತು. ರಾಮದಾಸರು ಎಲ್ಲಿಯೂ ತಮಗೆ ಪ್ರಯಾಣದ ಹಕ್ಕಿದೆ ಎಂದು ವಾದಿಸುವುದಿಲ್ಲ. ಕಾವಿ ಉಟ್ಟವನನ್ನು ಕೇಳುತ್ತೀಯಾ ಎಂದು ಗದರುವುದಿಲ್ಲ, ಶಾಪ ಹಾಕುವುದಿಲ್ಲ. ಇಳಿ ಅಂದರೆ ಇಳಿಯುತ್ತಾರೆ, ಇಳಿಸಿದವನಿಗೆ ಕೈ ಮುಗಿಯುತ್ತಾರೆ. ನಡೆ ಅಂದರೆ ನಡೆಯುತ್ತಾರೆ. ನಮ್ಮ ಬಸ್ಸುಗಳಲ್ಲಿ ನಾನು ಕಂಡ ಕಾವಿಗೂ ಈ ಕಾವಿಗೂ ಬಹಳ ಅಂತರ.

ತಿರುವಣ್ಣಾಮಲೆಯ ದಾರಿಯಲ್ಲಿ ಒಬ್ಬ ಕ್ರೈಸ್ತ ಟಿಕೆಟ್ ಇನ್ಸ್‌ಪೆಕ್ಟರ್ ಬರುತ್ತಾನೆ. ಇಬ್ಬರು ಸಾಧುಗಳನ್ನೂ ಇಳಿಸಿ ರಾಮದಾಸರ ಗಂಟು ಬಿಚ್ಚಿಸುತ್ತಾನೆ. ಒಳಗೆ ಹೊಸ ಒಡಂಬಡಿಕೆ ಕಂಡು ಅವನಿಗೆ ಆಶ್ಚರ್ಯ. ಕ್ರಿಸ್ತನಲ್ಲಿ ನಂಬಿಕೆ ಇದೆಯೇ ಎಂದು ಕೇಳುತ್ತಾನೆ. ಯಾಕಿರಬಾರದು, ಅವನೂ ದೇವರು ಕಳಿಸಿದವನೇ, ಎಂಬಂತೆ ಇವರ ಉತ್ತರ. ಇನ್ಸ್‌ಪೆಕ್ಟರ್ ಮನಸ್ಸು ಕರಗಿ ಅದೇ ರೈಲಿಗೆ ವಾಪಸ್ಸು ಹತ್ತಿಸುತ್ತಾನೆ. ಈ ಪ್ರಸಂಗವನ್ನು ರಾಮದಾಸರ ಭಕ್ತರು ಸರ್ವಧರ್ಮ ಸಮಭಾವಕ್ಕೆ ಉದಾಹರಣೆಯಾಗಿ ಹೇಳುತ್ತಾರೆ, ತಪ್ಪಲ್ಲ. ಅಪ್ಪ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ದು ಬೇರೆ: “ಪಾಪ, ಆ ಇನ್ಸ್‌ಪೆಕ್ಟರಿಗೂ ಮೇಲಿನೋರಿಂದ ಮೆಮೊ ಬಂದಿರ್ತದೆ.”

ಅವತ್ತೇ ಅವನ ಹಳೆಯ ಕಥೆ ಹೊರಬಂತು. ಒಂದು ಹುಣ್ಣಿಮೆಯ ರಾತ್ರಿ ಊತಂಗರೆ ದಾಟಿದ ಮೇಲೆ ಚೆಕಿಂಗು. ಹಿಂದಿನ ಸೀಟಿನಲ್ಲಿ ಕಾವಿಯ ಇಬ್ಬರು, ಟಿಕೆಟ್ ಇಲ್ಲ. ಅಪ್ಪನ ಇಂಕ್ರಿಮೆಂಟು ನಿಂತಿತು. ಆಮೇಲಿಂದ ಅವನು ಒಂದು ಉಪಾಯ ಮಾಡಿಕೊಂಡ. ಸಾಧು ಹತ್ತಿದರೆ ಕೃಷ್ಣಗಿರಿಯವರೆಗೆ ಟಿಕೆಟ್ ಹರಿದು ಕೈಗೆ ಕೊಡುವುದು, ದುಡ್ಡು ತನ್ನ ಜೇಬಿನಿಂದ ಬ್ಯಾಗಿಗೆ ಹಾಕುವುದು. ಕಂಡಕ್ಟರ್ ಡ್ಯೂಟಿಗೆ ಹತ್ತುವ ಮೊದಲು ತನ್ನ ಸ್ವಂತ ದುಡ್ಡು ಎಷ್ಟಿದೆ ಎಂದು ಬರೆಸಬೇಕು, ಅದು ಕಾಫಿ ತಿಂಡಿಗೆ ಆಗುವಷ್ಟೇ. ಅಂದರೆ ಸಾಧುವಿನ ಟಿಕೆಟ್ಟು ಅಪ್ಪನ ರಾತ್ರಿಯ ಊಟ. ಕೃಷ್ಣಗಿರಿಯ ಆಚೆಗೆ ಏನು ಮಾಡುತ್ತಿದ್ದೆ ಎಂದು ಕೇಳಿದೆ. “ಆಚೆಗೆ ಅವರ ಸಾಮಿ ನೋಡ್ಕತಾನೆ. ನನ್ನ ಕೈಲಿ ಆಗೋದು ಅಲ್ಲಿಗೆ” ಅಂದ.

ಅಮ್ಮನ ಕೈಯಲ್ಲಿದ್ದ ಅವರೆಕಾಯಿ ಕೈಯಲ್ಲೇ ಉಳಿಯಿತು. “ಓಹೋ, ಹುಣ್ಣಿಮೆ ಡ್ಯೂಟಿ ಮುಗಿಸ್ಕೊಂಡು ಬಂದ್ರೆ ಪಾತ್ರೆ ಸಮೇತ ತಿನ್ನಂಗೆ ಉಣ್ತಿದ್ರಲ್ಲ, ಇದಕ್ಕಾ?”

ಗಂಡ ಹೆಂಡಿರ ನಡುವೆ ಇಷ್ಟು ವರ್ಷ ಮುಚ್ಚಿಟ್ಟ ಗುಟ್ಟನ್ನು 1925ರ ಇಂಗ್ಲಿಷ್ ಪುಸ್ತಕವೊಂದು ಹೊರಹಾಕಿತು. ಆ ಸಂಜೆ ಓದು ಮುಂದಕ್ಕೆ ಹೋಗಲಿಲ್ಲ.

ಮರುದಿನ ನಾನು ರಾಮದಾಸರ ಪರವಾಗಿ ವಾದ ಮಾಡಿದೆ. ಅವರಿಗೆ ಎಲ್ಲರೂ ರಾಮನೇ, ಹಾಗಿರುವಾಗ ಯಾರ ದುಡ್ಡು ಯಾರಿಗೆ ನಷ್ಟ ಅನ್ನುವ ಲೆಕ್ಕ ಎಲ್ಲಿ ಬರುತ್ತದೆ ಎಂದೆ. ಅಪ್ಪ ಅದಕ್ಕೆ ಸಿದ್ಧನಾಗಿಯೇ ಕೂತಿದ್ದ. “ಕಂಡಕ್ಟರೂ ರಾಮ ಅಂದ್ಮೇಲೆ ಮೆಮೊನೂ ರಾಮಂಗೇ ಬಂತು ಅನ್ನು. ಇಂಕ್ರಿಮೆಂಟ್ ಕಟ್ಟಾಗಿದ್ದು ಮಾತ್ರ ನಂಗೆ.”

ಅಧ್ಯಾತ್ಮದ ಪುಸ್ತಕಗಳ ಮೇಲೆ ನಾನು ಕೇಳಿದ ವಿಮರ್ಶೆಗಳಲ್ಲಿ ಇದಕ್ಕಿಂತ ಮೊನಚಾದದ್ದು ಇನ್ನೂ ಸಿಕ್ಕಿಲ್ಲ. ಎಲ್ಲವೂ ಒಂದೇ ಎಂದು ಕಾಣುವವನ ಸುಖ ನಿಜವೇ ಇರಬಹುದು. ಆದರೆ ಆ ಸುಖದ ಖರ್ಚು ಎಲ್ಲವೂ ಬೇರೆ ಬೇರೆ ಎಂದು ಕಾಣುವವರ ತಲೆಯ ಮೇಲೆ, ಸಂಬಳದ ಚೀಟಿಯ ಮೇಲೆ ಬೀಳುತ್ತದೆ. ರಾಮದಾಸರನ್ನು ನಾನು ಇಷ್ಟಪಡುವುದು, ಅವರು ಇದನ್ನು ಮುಚ್ಚಿಡಲಿಲ್ಲ ಅನ್ನುವ ಕಾರಣಕ್ಕೆ. ಅವರ ಪುಸ್ತಕ ಒಂದು ರೀತಿಯಲ್ಲಿ ಸಾಲದ ಪಟ್ಟಿಯೇ. ಈರೋಡಿನಲ್ಲಿ ಗುಡಿಸಲ ಮುಂದೆ ನಿಂತಾಗ ಊಟ ಹಾಕಿದ ಹೆಂಗಸು, ದಾರಿ ತೋರಿಸಿದ ಸಾಧುಗಳು, ಕಂಬಳಿ ಹೊದಿಸಿದವರು, ಬಯ್ದವರು, ಎಲ್ಲರೂ ಇದ್ದಾರೆ. ಹೆಸರು ಮಾತ್ರ ಎಲ್ಲರಿಗೂ ಒಂದೇ.

ಅಮ್ಮನ ತಕರಾರು ಬೇರೆ ಥರದ್ದು. ಮೊದಲ ಪುಟದಲ್ಲೇ ಅವಳು ಒಂದು ಪ್ರಶ್ನೆ ಹಾಕಿದ್ದಳು, ಪ್ರತಿ ಸಂಜೆ ಅದನ್ನೇ ಕೇಳುತ್ತಿದ್ದಳು: “ಆ ಹೆಣ್ಮಗಳ ಕಥೆ ಏನಾಯ್ತು?” ಹೆಂಡತಿ ರುಕ್ಮಾಬಾಯಿ, ಮಗಳು ರಮಾಬಾಯಿ. ಹೋಗುವಾಗ ಬರೆದಿಟ್ಟ ಪತ್ರದಲ್ಲಿ ಇನ್ನು ಮುಂದೆ ನೀನು ನನಗೆ ಸೋದರಿ ಎಂದಿದ್ದಾರೆ. ಶ್ರೀರಂಗ ಬಂದಾಗ ಅಮ್ಮ ಕೇಳಿದಳು, ಕಾಶಿ ಬಂದಾಗ ಕೇಳಿದಳು, ಹಿಮಾಲಯದಲ್ಲಿ ನಾನು ಹಿಮದ ವರ್ಣನೆಯನ್ನು ಕಷ್ಟಪಟ್ಟು ಕನ್ನಡ ಮಾಡುತ್ತಿರುವಾಗಲೂ ಕೇಳಿದಳು. ಬಾಡಿಗೆ ಯಾರು ಕಟ್ಟಿದರು, ಮಗುವಿಗೆ ಜ್ವರ ಬಂದರೆ ಯಾರನ್ನು ಕರೆದಳು. ಕೊನೆಯ ಭಾಗದಲ್ಲಿ ರಾಮದಾಸರು ಹಿಂದಿರುಗಿದಾಗ ಆಕೆ ಬರುತ್ತಾರೆ. ಮನೆಗೆ ಬನ್ನಿ ಅನ್ನುತ್ತಾರೆ. ಇವರು ಒಪ್ಪುವುದಿಲ್ಲ. ಅಷ್ಟೇ. ಅಮ್ಮ ಎದ್ದು ಒಳಗೆ ಹೋದಳು. ಒಗ್ಗರಣೆಯ ಶಬ್ದ ಅವತ್ತು ಸ್ವಲ್ಪ ಜೋರಾಗಿಯೇ ಇತ್ತು.

ಆಮೇಲೆ ನಾನು ತಿಳಿದುಕೊಂಡು ಅವಳಿಗೆ ಹೇಳಿದೆ: ರಾಮದಾಸರು ಹಿಮಾಲಯಕ್ಕೆ ಓಡಿಹೋಗಿ ಅಲ್ಲೇ ಉಳಿದವರಲ್ಲ. 1928ರಲ್ಲಿ ಕಾಸರಗೋಡಿನಲ್ಲಿ, 1931ರಲ್ಲಿ ಕಾಞಂಗಾಡಿನಲ್ಲಿ, ಹೀಗೆ ಹುಟ್ಟಿದ ಸೀಮೆಯಲ್ಲೇ ಆಶ್ರಮ ಕಟ್ಟಿದರು. ಆ ಆಶ್ರಮವನ್ನು ಜೊತೆಗೆ ನಿಂತು ಬೆಳೆಸಿದವರು ಮಾತೆ ಕೃಷ್ಣಾಬಾಯಿ ಎಂಬ ಹೆಂಗಸು. 1963ರಲ್ಲಿ ರಾಮದಾಸರು ತೀರಿಕೊಂಡ ಮೇಲೂ ನಡೆಸಿದವರು ಅವರೇ. ಅಮ್ಮನಿಗೆ ಇದು ಅರ್ಧ ಸಮಾಧಾನ. ಅವಳು ಕೇಳಿದ್ದು ರುಕ್ಮಾಬಾಯಿಯನ್ನು.

ತಿರುವಣ್ಣಾಮಲೆಯ ಭಾಗ ಈ ಪುಸ್ತಕದ ಶಿಖರ ಎನ್ನುತ್ತಾರೆ. ರಾಮದಾಸರು ಅಲ್ಲಿಗೆ ಹೋದದ್ದು 1923ರ ಮೊದಲ ತಿಂಗಳುಗಳಲ್ಲಿ. ರಮಣ ಮಹರ್ಷಿಗಳು ತಾಯಿ ತೀರಿಹೋದ ಮೇಲೆ ಗುಡ್ಡದ ಸ್ಕಂದಾಶ್ರಮದಿಂದ ಇಳಿದು ಬುಡದ ಸಮಾಧಿಯ ಹತ್ತಿರ ನೆಲೆಸಿದ ಹೊಸತು. ಹುಲ್ಲಿನ ಗುಡಿಸಲು. ರಾಮದಾಸರು ಆಶೀರ್ವಾದ ಕೇಳುತ್ತಾರೆ. ಮಹರ್ಷಿಗಳು ಮಾತಾಡುವುದಿಲ್ಲ, ಕೆಲವು ನಿಮಿಷ ನೋಡುತ್ತಾರೆ. ಅಲ್ಲಿಂದ ಗುಡ್ಡ ಹತ್ತಿ ಒಂದು ಗುಹೆಯಲ್ಲಿ ಸುಮಾರು ಮೂರು ವಾರ ನಾಮಸ್ಮರಣೆ, ಬೇಯಿಸಿದ ಒಂದಿಷ್ಟು ಅನ್ನವೇ ಆಹಾರ. ಹೊರಬಂದಾಗ ಮರ, ಕಲ್ಲು, ಮನುಷ್ಯರು, ಎಲ್ಲವೂ ರಾಮನಾಗಿ ಕಂಡು ಅಪ್ಪಿಕೊಳ್ಳುತ್ತಾರೆ. ಇದರ ಬಗ್ಗೆ ನಾನು ಬರೆಯಲಾರೆ. ಕಂಡವರು ಕಂಡದ್ದು ಹೇಳಿದ್ದಾರೆ, ಕಾಣದವನು ಅಳೆಯಲು ಹೋಗಬಾರದು. ಅಪ್ಪನೂ ಈ ಭಾಗದಲ್ಲಿ ತಡೆಯಲಿಲ್ಲ.

ಹೋಲಿಸಿ ನೋಡಲೆಂದು ಪಾಲ್ ಬ್ರಂಟನ್ನರ 1934ರ ‘ಎ ಸರ್ಚ್ ಇನ್ ಸೀಕ್ರೆಟ್ ಇಂಡಿಯಾ’ ಕೂಡ ಓದಿದೆ. ರಮಣರ ಹೆಸರು ಯುರೋಪಿಗೆ ಮುಟ್ಟಿದ್ದು ಮುಖ್ಯವಾಗಿ ಅದರಿಂದ. ಚೆನ್ನಾಗಿ ಬರೆದಿದ್ದಾರೆ, ರಾಮದಾಸರಿಗಿಂತ ಹದವಾಗಿ, ವಿವರವಾಗಿ. ಆದರೆ ಬ್ರಂಟನ್ ಊರೂರಿನ ಸಾಧುಗಳ ಟಿಕೆಟ್ ತಪಾಸಣೆ ಮಾಡುತ್ತಾ ಬರುವ ಇನ್ಸ್‌ಪೆಕ್ಟರ್. ಈತ ನಿಜ, ಆತ ಸುಳ್ಳು ಎಂದು ಗುರುತು ಹಾಕುತ್ತಾ ಹೋಗುತ್ತಾರೆ. ರಾಮದಾಸರು ಟಿಕೆಟ್ ಇಲ್ಲದೆ ಎದುರಿಗೇ ಕೂತ ಪ್ರಯಾಣಿಕ. ರೈಲಿನ ವಿಷಯ ಯಾರಿಗೆ ಹೆಚ್ಚು ಗೊತ್ತಿರುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಪುಸ್ತಕ ಮುಗಿದ ಮೇಲಿನ ಒಂದು ಹುಣ್ಣಿಮೆಗೆ ಅಪ್ಪನನ್ನು ಕರೆದುಕೊಂಡು ತಿರುವಣ್ಣಾಮಲೆಗೆ ಹೋದೆ. ಆ ಊರಿನ ಬಸ್ ಸ್ಟ್ಯಾಂಡಿಗೆ ಲೆಕ್ಕವಿಲ್ಲದಷ್ಟು ಸಲ ಹೋಗಿದ್ದವನು ಗಿರಿವಲ ಒಮ್ಮೆಯೂ ಹಾಕಿರಲಿಲ್ಲ. ಬಸ್ಸು ತಿರುಗಿಸಿ ಹೊರಡುವುದಕ್ಕೆ ಸಿಗುತ್ತಿದ್ದ ಹೊತ್ತಿನಲ್ಲಿ ಟ್ರಿಪ್ ಶೀಟು ಬರೆದು ಟೀ ಕುಡಿದರೆ ಮುಗಿಯಿತು. ದಾರಿಯುದ್ದಕ್ಕೂ ಅವನು ಕಿಟಕಿಯಾಚೆ ನೋಡಿದ್ದಕ್ಕಿಂತ ಕಂಡಕ್ಟರನ್ನು ನೋಡಿದ್ದೇ ಹೆಚ್ಚು. ಹುಡುಗ ಚಿಲ್ಲರೆ ಬಾಕಿಯನ್ನು ಟಿಕೆಟ್ಟಿನ ಹಿಂದೆ ಬರೆದುಕೊಟ್ಟಾಗ “ಇಳಿಯೋವಾಗ ಮರೀದೆ ಕೇಳಪ್ಪ, ಅವನಿಗೂ ಮರ್ತೋಗ್ತದೆ” ಎಂದು ನನ್ನ ತೊಡೆ ತಟ್ಟಿದ. ಗುಡ್ಡ ಸುತ್ತುವಾಗ ಅಷ್ಟಲಿಂಗಗಳ ಮುಂದೆ ನಿಂತು ಕೈ ಮುಗಿದ, ಅರ್ಧ ದಾರಿಗೆ ಮಂಡಿ ಹಿಡಿಯಿತು, ಬಾರ್ಲಿ ನೀರು ಕುಡಿದು ಮತ್ತೆ ನಡೆದ. ರಮಣಾಶ್ರಮದ ಗೇಟಿನ ಎದುರು ಸಾಲಾಗಿ ಕೂತ ಸಾಧುಗಳನ್ನು ಒಬ್ಬೊಬ್ಬರನ್ನೇ ದಿಟ್ಟಿಸಿ ನೋಡುತ್ತಿದ್ದ. ಯಾರನ್ನು ಹುಡುಕುತ್ತಿದ್ದೀಯ ಅಂದೆ. “ಆ ಇಬ್ಬರನ್ನ” ಅಂದ. ಸಿಟ್ಟಿರಲಿಲ್ಲ, ನಗುತ್ತಿದ್ದ.

ರಾಮದಾಸರ ಮುಂದಿನ ಪುಸ್ತಕಗಳನ್ನೂ ಗೆಳೆಯ ತಂದುಕೊಟ್ಟ. ‘ಇನ್ ದಿ ವಿಷನ್ ಆಫ್ ಗಾಡ್’ ಓದಬಹುದು. 1954ರಲ್ಲಿ ಹೊರಟ ಲೋಕಸಂಚಾರದ ಕಥೆ ‘ವರ್ಲ್ಡ್ ಈಸ್ ಗಾಡ್’ ಅಷ್ಟು ಹಿಡಿಸಲಿಲ್ಲ. ಪಾಸ್‌ಪೋರ್ಟು ಇದೆ, ವಿಮಾನದ ಟಿಕೆಟ್ಟಿದೆ, ಇಳಿದಲ್ಲಿ ಶಿಷ್ಯರು ಹಾರ ಹಿಡಿದು ನಿಂತಿದ್ದಾರೆ. ಅನುಭವ ಅದೇ ಇರಬಹುದು, ಆದರೆ ಇಳಿಸುವವರು ಯಾರೂ ಇಲ್ಲದ ಪ್ರಯಾಣದಲ್ಲಿ ಓದುಗನಿಗೆ ಏನು ಕೆಲಸ? ಈ ತರಹದ ಪುಸ್ತಕಗಳನ್ನು ಹೊಸದಾಗಿ ಓದುವವರು ಮೊದಲನೆಯದರಿಂದಲೇ ಶುರು ಮಾಡಬೇಕು. ಆದರೆ ಒಬ್ಬರೇ ಓದಬೇಡಿ. ಮನೆಯಲ್ಲಿ ದುಡಿದವರು, ಬಾಡಿಗೆ ಕಟ್ಟಿದವರು, ಯಾರಿಗೋ ಕಾದು ಕೂತವರು ಇದ್ದರೆ ಅವರ ಎದುರು ಗಟ್ಟಿಯಾಗಿ ಓದಿ, ಅವರು ತಡೆದ ಕಡೆ ನಿಲ್ಲಿಸಿ.

ಓದಿದ ಮೇಲೆ ತಿರುವಣ್ಣಾಮಲೆಗೆ ಹೋಗಬೇಕು ಅನ್ನಿಸುತ್ತದೆ, ಖಂಡಿತ ಹೋಗಿ. ಹುಣ್ಣಿಮೆಯ ದಿನ ನೂಕು ಜಾಸ್ತಿ, ಕೃಷ್ಣಗಿರಿಯಲ್ಲಿ ಬಸ್ಸು ಬದಲಾಯಿಸಿದರೆ ಸೀಟು ಸಿಗುವ ಸಂಭವ ಇದೆ. ಹತ್ತಿದ ಕೂಡಲೇ ಟಿಕೆಟ್ ತೆಗೆದುಕೊಳ್ಳಿ. ಆದಷ್ಟು ಚಿಲ್ಲರೆ ಕೊಡಿ.